ಸದರಿ ವಿಳಾಸದಲ್ಲಿ ವಾಸವಿಲ್ಲ

ಮಾಲೀಕರು ಮನೆ ಖಾಲಿ ಮಾಡಿ ಅಂದಿದ್ದಾರೆ, ನಗರಸಭೆಯ ವಸತಿ ಯೋಜನೆಗೆ ಅರ್ಜಿ ಹಾಕಿ ಒಂದು ವರ್ಷವಾಗಿದೆ, ಮನೆ ಸಿಗುವ ತನಕ ಊರಿಗೆ ಹೋಗಿರೋದಾ, ಇಲ್ಲ ಆಶ್ರಯ ಕೇಂದ್ರದಲ್ಲಿ ಇರೋದಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂದಿತು. 2017ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮದು ಒಂದು ಜಿಲ್ಲಾ ಕೇಂದ್ರ, ಹೆಸರು ಬೇಡ ಬಿಡಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಯಜಮಾನರು ಕಿಟಕಿ ಗ್ರಿಲ್ ಕೆಲಸಕ್ಕೆ ಹೋಗುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಕಟ್ಟುವ ಬಹುಮಹಡಿ ಮನೆಗೆ ನನ್ನ ಹೆಸರಲ್ಲಿ ಅರ್ಜಿ ಹಾಕಿದ್ದೆವು. ಅಷ್ಟರಲ್ಲಿ ಬಾಡಿಗೆ ಮನೆಯ ಮಾಲೀಕರು ಮನೆ ಮಾರಿದರು. ಸಾಮಾನು ಕಟ್ಟಿಕೊಂಡು ಊರಿನ ಇನ್ನೊಂದು ತುದಿಯಲ್ಲಿದ್ದ ನಾದಿನಿ ಮನೆಗೆ ಹೋದೆವು. ಎರಡು ಕೋಣೆ, ಒಂಬತ್ತು ಜನ. ನನ್ನ ಹೊಲಿಗೆ ಯಂತ್ರ ಬಚ್ಚಲ ಬಾಗಿಲಿಗೆ ಅಡ್ಡ ಇತ್ತು. ಯಾರಾದರೂ ಸ್ನಾನಕ್ಕೆ ಹೊರಟರೆ ನಾನು ಎದ್ದು ಅದನ್ನು ಸರಿಸಬೇಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮನೆ ಬದಲಾಯಿಸಿದೆವು ಅಂತ ನಗರಸಭೆಗೆ ಹೇಳಲಿಲ್ಲ. ಅಷ್ಟೇ. ಸೋಮಾರಿತನ ಅಂದುಕೊಳ್ಳಬೇಡಿ, ನನ್ನ ತಲೆಯಲ್ಲಿ ಅದಕ್ಕೆ ಕಾರಣಗಳೇ ಇದ್ದವು. ಆಧಾರ್‌ನಲ್ಲಿ ವಿಳಾಸ ಬದಲಿಸಲು ಬಾಡಿಗೆ ಕರಾರು ಬೇಕು ಅಂದರು. ನಾದಿನಿ ಮನೆಗೆ ಯಾವ ಕರಾರು? ಆಮೇಲೆ, ವಾರ್ಡ್ ಬದಲಾದರೆ ಅರ್ಜಿ ಮತ್ತೆ ಸಾಲಿನ ಕೊನೆಗೆ ಹೋಗುತ್ತದೆ ಅಂತ ಕೌಂಟರ್ ಮುಂದೆ ನಿಂತಿದ್ದ ಒಬ್ಬರು ಹೆದರಿಸಿದರು. 'ಹೆಸರು ಇದೆ ತಾನೆ, ಮುಟ್ಟೋಕೆ ಹೋಗಬೇಡಿ' ಅಂದರು. ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಮರುಳು ಮಾಡಿದ್ದು ರೇಷನ್ ಅಂಗಡಿ. ತಿಂಗಳು ತಿಂಗಳು ಬಸ್ಸು ಹತ್ತಿ ಹಳೇ ವಾರ್ಡಿನ ಅಂಗಡಿಗೇ ಹೋಗಿ ಬೆರಳು ಕೊಟ್ಟು ಅಕ್ಕಿ ತರುತ್ತಿದ್ದೆ. ಬೆರಳು ಒತ್ತಿದ ಕೂಡಲೇ ಯಂತ್ರದಲ್ಲಿ ನನ್ನ ಹೆಸರು ಬರುತ್ತಿತ್ತು. ಸರ್ಕಾರದ ಲೆಕ್ಕದಲ್ಲಿ ನಾನು ಇನ್ನೂ ಇಲ್ಲೇ ಇದ್ದೇನೆ ಅಂತ ನಂಬಿದೆ.

ಆದರೆ ರೇಷನ್ ಯಂತ್ರ ಬೇರೆ, ವಸತಿ ಶಾಖೆಯ ರಿಜಿಸ್ಟರ್ ಬೇರೆ. ಸ್ಥಳ ಪರಿಶೀಲನೆಗೆ ಬಂದವರು ಹಳೇ ಮನೆಯ ಬಾಗಿಲು ಬಡಿದಿದ್ದಾರೆ. ಹೊಸ ಮಾಲೀಕರಿಗೆ ನಾವು ಯಾರೋ ಗೊತ್ತಿಲ್ಲ. ಬಂದವರು ಒಂದು ಸಾಲು ಬರೆದುಕೊಂಡು ಹೋದರು: 'ಸದರಿ ವಿಳಾಸದಲ್ಲಿ ವಾಸವಿಲ್ಲ.' ನನಗೆ ಒಂದು ಫೋನಿಲ್ಲ, ಒಂದು ಪತ್ರವಿಲ್ಲ. ಹದಿನಾಲ್ಕು ತಿಂಗಳು ಆದಮೇಲೆ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಹೆಸರು ಹುಡುಕಿ ಹುಡುಕಿ, ಕೊನೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಆ ಪುಟದ ನಕಲು ಕೈಗೆ ಬಂತು. ಆ ಸಾಲು ಬರೆದವರ ಮೇಲೆ ಸಿಟ್ಟು ಮಾಡೋಣ ಅಂದರೆ ಅವರು ಬರೆದದ್ದು ಸುಳ್ಳೇನಲ್ಲ. ಅದೇ ಜಾಸ್ತಿ ಉರಿಸಿತು.

ದೊಡ್ಡ ಮಗಳು ಮುಂದೆ ಕಾಲೇಜಿನಲ್ಲಿ ಇದರ ಮೇಲೆಯೇ ಒಂದು ಪ್ರಾಜೆಕ್ಟ್ ಮಾಡಿದಳು. 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ತಂಡ ದೇಶದ ಪಟ್ಟಣಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಅಂದಿತ್ತಂತೆ. ಅದರಲ್ಲಿ ಸುಮಾರು 1.5 ಕೋಟಿ ಒಂದೇ ಮನೆಯಲ್ಲಿ ಇಕ್ಕಟ್ಟಿನಲ್ಲಿ ಇರುವ ಕುಟುಂಬಗಳದ್ದು. ಪೂರ್ತಿ ಸೂರಿಲ್ಲದವರದ್ದು 5.3 ಲಕ್ಷ. 'ಅಮ್ಮಾ, ನಾವು ಆ ದೊಡ್ಡ ಸಂಖ್ಯೆಯಲ್ಲಿ ಇದ್ದೆವು' ಅಂದಳು. ಇನ್ನೊಂದು ಹೇಳಿದಳು, ನನಗೆ ಈಗಲೂ ನಂಬೋಕೆ ಕಷ್ಟ. 2011ರ ಜನಗಣತಿ ಮಾಡುವಾಗ ಪಟ್ಟಣಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವಂತೆ.

2019ರಲ್ಲಿ ನಾದಿನಿ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಯಾರದೂ ತಪ್ಪಲ್ಲ, ಒಂಬತ್ತು ಜನಕ್ಕೆ ಒಂದು ಬಚ್ಚಲು ಅಂದರೆ ಹಾಗೆಯೇ. ನಾವು ನಗರಸಭೆಯ ಆಶ್ರಯ ಕೇಂದ್ರಕ್ಕೆ ಹೋದೆವು. ಅತ್ತೆ ಗೊಳೋ ಅಂತ ಅತ್ತರು, ಭಿಕ್ಷುಕರ ಕಾಲನಿಗೆ ಹೋಗುತ್ತಿದ್ದೀರಾ ಅಂತ. ನಿಮ್ಮ ಪ್ರಶ್ನೆಯಲ್ಲೂ ಆ ಭಯ ಇದೆ. ಎರಡೂ ಬೇರೆ ಬೇರೆ. ಅವರು ಹೆದರಿದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದುಕೊಂಡು ಹೋಗಿ ಇಡುವ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. ಇದು ಹಾಗಲ್ಲ. ನೀವಾಗಿ ಹೋಗುತ್ತೀರಿ, ನೀವಾಗಿ ಬರುತ್ತೀರಿ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ ಲಕ್ಷ ಜನಸಂಖ್ಯೆಗೆ 100 ಜನ ಇರಬಹುದಾದ ಒಂದು ಕೇಂದ್ರ, ತಲೆಗೆ 50 ಚದರಡಿ, ದಿನವಿಡೀ ತೆರೆದಿರಬೇಕು ಅಂತ ಆಗ ಇತ್ತು. ನಾವಿದ್ದ ಕಡೆ ಅಷ್ಟು ಜಾಗ ಖಂಡಿತ ಇರಲಿಲ್ಲ. ನಾನು ಮಕ್ಕಳು ಹೆಂಗಸರ ಹಾಲ್‌ನಲ್ಲಿ, ಯಜಮಾನರು ಆಚೆ ಗಂಡಸರ ಹಾಲ್‌ನಲ್ಲಿ. ನಲವತ್ತು ದಿನ. ಮೊದಲ ವಾರ ಯಾರಾದರೂ ಗುರುತಿನವರು ನೋಡಿಬಿಟ್ಟರೆ ಅಂತ ಸೆರಗು ತಲೆ ಮೇಲೆ ಎಳೆದುಕೊಂಡೇ ಓಡಾಡಿದೆ.

ಆದರೆ ನನಗೆ ವಿಳಾಸ ಕೊಟ್ಟಿದ್ದು ಅದೇ ಕೇಂದ್ರ. ಅಲ್ಲಿನ ಮೇಲ್ವಿಚಾರಕರು ನಾವು ಅಲ್ಲಿ ಇದ್ದೇವೆ ಅಂತ ಆಧಾರ್‌ನವರ ನಮೂನೆಯಲ್ಲೇ ಪ್ರಮಾಣಪತ್ರ ಬರೆದುಕೊಟ್ಟರು. ಕರಾರು ಬೇಕಾಗಲಿಲ್ಲ. ನಗರಸಭೆ ಸದಸ್ಯರ ಸಹಿ ಇದ್ದರೂ ನಡೆಯುತ್ತದೆ ಅಂತ ಅಲ್ಲೇ ಗೊತ್ತಾಗಿದ್ದು. ಎರಡು ವರ್ಷ ಮುಂಚೆ ಯಾರಾದರೂ ಇದನ್ನು ಹೇಳಿದ್ದರೆ! ಹೊಸ ವಿಳಾಸದಲ್ಲಿ ಹೊಸ ಅರ್ಜಿ ಹಾಕಿದೆ. ಆಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದ ದಿನವೇ ವಸತಿ ಶಾಖೆಗೆ ಹೋಗಿ ಬರೆದುಕೊಟ್ಟೆ. ಪಟ್ಟಿಯಲ್ಲಿ ಹೆಸರು ಬಂದಿದ್ದು 2021ರಲ್ಲಿ, ಕೀಲಿ ಸಿಕ್ಕಿದ್ದು 2023ರಲ್ಲಿ.

ಹಾಗಾಗಿ ಊರಾ, ಆಶ್ರಯ ಕೇಂದ್ರವಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಎಲ್ಲಿ ಮಲಗುತ್ತೀರಿ ಅನ್ನೋದು ಆಮೇಲಿನ ಮಾತು. ಪರಿಶೀಲನೆಗೆ ಬಂದವರಿಗೆ ನೀವು ಎಲ್ಲಿ ಸಿಗುತ್ತೀರಿ? ಊರಿಗೆ ಹೋದರೆ ಸಿಗಲ್ಲ. ಆದ್ದರಿಂದ ನನ್ನ ಉತ್ತರ, ಊರಿಗೆ ಹೋಗಬೇಡಿ. ಊರಲ್ಲಿ ಮಾವನ ಹೆಸರಿನ ಮನೆ ಇದೆ, ಅದರಿಂದ ತೊಂದರೆಯಾ ಅಂತಲೂ ಕೇಳಿದ್ದೀರಿ. ಈ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ನಿಮ್ಮ ಇಬ್ಬರ ಹೆಸರಲ್ಲಿ ದೇಶದ ಎಲ್ಲೂ ಪಕ್ಕಾ ಮನೆ ಇರಬಾರದು. ಮಾವನ ಮನೆ ಮಾವನದ್ದು.

ಇನ್ನೊಂದು. ಪುಕ್ಕಟೆ ಮನೆ ಅಂದುಕೊಂಡಿದ್ದರೆ ಈಗಲೇ ಮರೆತುಬಿಡಿ. ಕೇಂದ್ರ ಸರ್ಕಾರ ಕೊಡೋದು 1.5 ಲಕ್ಷ ರೂಪಾಯಿ. ಅದರ ಮೇಲೆ ರಾಜ್ಯದ ಪಾಲು. ಉಳಿದದ್ದು ಫಲಾನುಭವಿ ವಂತಿಗೆ, ಅಂದರೆ ನಾವೇ ಕಟ್ಟಬೇಕು. ಪಟ್ಟಿಯಲ್ಲಿ ಹೆಸರು ಬಂದು ವಂತಿಗೆ ಕಟ್ಟಲಾಗದೆ ಬಿಟ್ಟವರು ನಮ್ಮ ಬೀದಿಯಲ್ಲೇ ಇಬ್ಬರಿದ್ದರು. ನಾವು ಬ್ಯಾಂಕ್ ಸಾಲ ಮಾಡಿದೆವು, ಇನ್ನೂ ತೀರಿಲ್ಲ.

ಮನೆ ಖಾಲಿ ಮಾಡುವ ವಾರವೇ ವಿಳಾಸ ಬದಲಾವಣೆಯ ಪತ್ರ ಎರಡು ಪ್ರತಿ ಬರೆಯಿರಿ. ಅರ್ಜಿ ಸಂಖ್ಯೆ, ಹಳೇ ವಿಳಾಸ, ಹೊಸ ವಿಳಾಸ, ಚಾಲ್ತಿಯಲ್ಲಿರುವ ಫೋನ್ ನಂಬರ್. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿಗೆ 'ಆಯ್ತಮ್ಮ, ನೋಟ್ ಮಾಡ್ಕೋತೀವಿ' ಅಂದರೆ ಅಲ್ಲಿಂದ ಕದಲಬೇಡಿ. ಸೀಲು ಹಾಕಲ್ಲ ಅಂದರೆ ಅದೇ ಪತ್ರವನ್ನು ಪೌರಾಯುಕ್ತರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.