ಪೆನ್ನಿಗೂ ಪೆನ್ಸಿಲ್ಲಿಗೂ ನಂಟಿಲ್ಲ

ಆತ್ಮೀಯರೇ,

ನೀವು ಕಳಿಸಿದ ‘ಪೆನ್ ಎಂಬ ಪುಟ್ಟ ಪದ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ. ಆದರೆ ಕೈಬಿಡುವ ಬರಹವೂ ಅಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ತಪ್ಪಿನ ಮಾತು. ಪೆನ್ನಿನಿಂದಲೇ ಪೆನ್ಸಿಲ್ ಹುಟ್ಟಿತು, ಅದು ಪೆನ್ನಿನ ತಮ್ಮ ಎಂದು ಬರೆದಿದ್ದೀರಿ. ಅಲ್ಲ. ಪೆನ್ ಬಂದದ್ದು ಲ್ಯಾಟಿನ್ನಿನ ‘ಪೆನ್ನ’ದಿಂದ. ಅಂದರೆ ಹಕ್ಕಿಯ ಗರಿ. ಪೆನ್ಸಿಲ್ ಬಂದದ್ದು ‘ಪೆನಿಸಿಲ್ಲಸ್’ನಿಂದ. ಅಂದರೆ ಪುಟ್ಟ ಕುಂಚ. ಇಂಗ್ಲಿಷಿನಲ್ಲೂ ಪೆನ್ಸಿಲ್ ಅಂದರೆ ಮೊದಲು ಚಿತ್ರಕಾರರ ಕುಂಚವೇ ಆಗಿತ್ತು. ಅದರ ನಿಜವಾದ ನೆಂಟ ಇರುವುದು ಔಷಧಿ ಅಂಗಡಿಯಲ್ಲಿ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಗಮನಿಸಿದ ಬೂಷ್ಟಿನ ಹೆಸರು ಪೆನಿಸಿಲಿಯಂ. ಮೈಕ್ರೋಸ್ಕೋಪಿನಲ್ಲಿ ಅದರ ತುದಿ ಕುಂಚದ ಹಾಗೆ ಕಾಣುತ್ತದೆ. ಪೆನಿಸಿಲಿನ್ ಎಂಬ ಹೆಸರು ಬಂದದ್ದು ಆ ಬೂಷ್ಟಿನಿಂದಲೇ.

ಸದ್ದು ಒಂದೇ ಇದ್ದರೆ ಹುಟ್ಟೂ ಒಂದೇ ಅನ್ನಿಸುವುದು ಸಹಜ. ನಮ್ಮ ‘ಕರಿ’ಯನ್ನೇ ನೋಡಿ. ಆನೆ ಕಪ್ಪಗಿದೆ, ಅದಕ್ಕೇ ಕರಿ ಅಂದರು ಎನ್ನುವವರು ಜಾಸ್ತಿ. ಆದರೆ ಆನೆಯ ಕರಿ ಸಂಸ್ಕೃತದ್ದು. ಕರ ಇರುವುದು ಕರಿ. ಸೊಂಡಿಲೇ ಅದರ ಕೈ. ಕರಿಮೋಡದ ಕರಿ ನಮ್ಮ ಕನ್ನಡದ ಕಪ್ಪು. ಈ ಉದಾಹರಣೆ ಕೊಟ್ಟಿದ್ದರೆ ಓದುಗರಿಗೆ ಪೆನ್ನಿನ ಗೊಂದಲ ತಟ್ಟನೆ ಅರ್ಥವಾಗುತ್ತಿತ್ತು, ಅಲ್ವಾ?

ಇನ್ನು ಪೆನ್ ಪದಕ್ಕೆ ನೀವು ಕೊಟ್ಟ ಹದಿನಾಲ್ಕು ಅರ್ಥಗಳ ಪಟ್ಟಿ. ಅದು ನಿಘಂಟಿನಲ್ಲೇ ಸಿಗುತ್ತದೆ, ಸುಮ್ನೆ ಎರಡು ಪುಟ ತಿಂದಿದೆ. ಮೂರು ಸಾಕು. ಕುರಿದೊಡ್ಡಿ ಎಂಬ ಅರ್ಥದ ಪೆನ್ ಹಳೆಯ ಇಂಗ್ಲಿಷಿನದು. ಬರೆಯುವ ಪೆನ್ ಫ್ರೆಂಚಿನ ದಾರಿಯಲ್ಲಿ ಬಂದದ್ದು. ಜೈಲು ಎಂಬ ಅರ್ಥದ ಪೆನ್ ಅಮೆರಿಕದ ಆಡುಮಾತು, ಪೆನಿಟೆನ್ಷಿಯರಿಯ ಮೊಟಕು. ಮೂವರೂ ಬೇರೆ ಬೇರೆ ಮನೆಯವರು. ಹಂಸದ ಗರಿಯಿಂದ ಪೆನ್ನು ಮಾಡುತ್ತಿದ್ದರು, ಹಾಗಾಗಿ ಹೆಣ್ಣು ಹಂಸಕ್ಕೆ ಪೆನ್ ಎಂಬ ಹೆಸರು ಬಂತು ಎನ್ನುತ್ತೀರಿ. ಕೇಳೋಕೆ ಚೆನ್ನಾಗಿದೆ. ಆದರೆ ದೊಡ್ಡ ನಿಘಂಟುಗಳೇ ಆ ಪದದ ಮೂಲ ತಿಳಿದಿಲ್ಲ ಎನ್ನುತ್ತವೆ. ತೆಗೆದುಬಿಡಿ.

ನಿಮ್ಮ ಲೇಖನದ ಜೀವ ಇರುವುದು ಗರಿಯಲ್ಲಿ. ಅದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ, ನನಗೆ ನಿಜವಾಗಿ ಬೇಸರವಾಯಿತು. ಹೆಬ್ಬಾತಿನ ರೆಕ್ಕೆಯ ದೊಡ್ಡ ಗರಿಯನ್ನು ಬಿಸಿ ಮರಳಿನಲ್ಲಿ ಹುಗಿದು ಗಟ್ಟಿ ಮಾಡುತ್ತಿದ್ದರು. ತುದಿಯನ್ನು ಓರೆಯಾಗಿ ಕೊಯ್ದು ನಡುವೆ ಸಣ್ಣಗೆ ಸೀಳುತ್ತಿದ್ದರು. ಶಾಯಿ ಇಳಿಯುವುದು ಆ ಸೀಳಿನಲ್ಲೇ. ಬಲಗೈಯವರಿಗೆ ಎಡ ರೆಕ್ಕೆಯ ಗರಿ ಒಗ್ಗುತ್ತಿತ್ತು, ಅದರ ಬಾಗು ಕಣ್ಣಿಗೆ ಅಡ್ಡ ಬರುವುದಿಲ್ಲ. ಗರಿ ಹೆರೆಯುವ ಆ ಚಿಕ್ಕ ಚಾಕುವೇ ಪೆನ್‌ನೈಫ್.

ಈಗ ಕನ್ನಡದ ಕಡೆ ತಿರುಗಿ. ನಮಗೆ ನವಿಲಿನದೂ ಗರಿ, ತೆಂಗಿನದೂ ಗರಿ. ಯುರೋಪಿನವರು ಗರಿಯಿಂದ ಬರೆದರು, ನಮ್ಮವರು ಗರಿಯ ಮೇಲೆ ಬರೆದರು. ಓಲೆಗರಿಯಲ್ಲಿ ಕಂಟ ಎಂಬ ಕಬ್ಬಿಣದ ಮೊನಚು ಕಡ್ಡಿಯಿಂದ ಅಕ್ಷರ ಕೊರೆದು, ಮಸಿ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಸಂಸ್ಕೃತದ ‘ಪತ್ರ’ಕ್ಕೂ ರೆಕ್ಕೆ, ಎಲೆ ಎರಡೂ ಅರ್ಥ. ಹಾರುವುದನ್ನು ಹೇಳುವ ಒಂದೇ ಹಳೆಯ ಬೇರಿನಿಂದ ಪತ್ರವೂ ಬಂದಿದೆ, ಲ್ಯಾಟಿನ್ನಿನ ಪೆನ್ನವೂ ಬಂದಿದೆ. ಪೆನ್ಸಿಲ್ ನೆಂಟನಲ್ಲ, ಪತ್ರ ನೆಂಟ. ಈ ಮಾತು ನಿಮ್ಮ ಲೇಖನದಲ್ಲಿ ಇರಲೇಬೇಕು.

ಭಾಷೆಯ ಬಗ್ಗೆ ಒಂದೇ ಮಾತು. ‘ಲೇಖನಿಯು ಮಾನವ ನಾಗರಿಕತೆಯ ಅವಿಭಾಜ್ಯ ಅಂಗವಾಗಿದೆ’ ಎಂದು ಶುರು ಮಾಡಿದ್ದೀರಿ. ಅದನ್ನು ಹೊಡೆದುಹಾಕಿದ್ದೇನೆ. ನಾಲ್ಕನೇ ಪುಟದಲ್ಲಿ ಬೇರೊಂದು ಸಾಲಿದೆ. ಪರೀಕ್ಷೆಯ ದಿನ ಇಂಕ್ ಖಾಲಿಯಾಯಿತು, ಪಕ್ಕದ ಹುಡುಗ ಡೆಸ್ಕಿನ ಮೇಲೆ ಎರಡು ಹನಿ ಬಿಟ್ಟ, ನೀವು ನಿಬ್ಬು ತಾಗಿಸಿ ಹೀರಿಸಿಕೊಂಡಿರಿ. ಲೇಖನ ಅಲ್ಲಿಂದ ಶುರುವಾಗಲಿ. ಆ ಹುಡುಗ ಏನಾದರೂ ಅಂದನೇ, ಡೆಸ್ಕಿನ ಕಲೆ ಹೋಯಿತೇ, ನೆನಪು ಮಾಡಿಕೊಂಡು ಬರೆಯಿರಿ. ತಿಂಗಳೊಳಗೆ ಕಳಿಸಿದರೆ ನಾನೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ