ವಹಿವಾಟು ಜಾಸ್ತಿ, ಕೈಯಲ್ಲಿ ದುಡ್ಡಿಲ್ಲ: ಎಲ್ಲಿ ನೋಡಬೇಕು

ಕೋವಿಡ್ ಕಾಲದ 2021ರಲ್ಲಿ ನಿಮ್ಮ ಸಾಗಣೆ ಕಂಪನಿಯ ವಹಿವಾಟು ಏರಿದರೂ ಖಾತೆ ಖಾಲಿಯಾಯಿತು, ಚಾಲಕರೂ ಬಿಟ್ಟು ಹೋದರು, ಯಾಕೆ ಅಂತ ಕೇಳಿದ್ದೀರಿ. ಖಾತೆ ಖಾಲಿಯಾಗಿದ್ದಕ್ಕೆ ಕಾರಣ ಬಹುಶಃ ತಡವಾದ ವಸೂಲಿ. ಡೀಸೆಲ್, ಟೋಲ್, ಭತ್ಯೆಗೆ ಅವತ್ತೇ ದುಡ್ಡು ಕೊಡಬೇಕು. ಗಿರಾಕಿ ಮಾತ್ರ 30 ದಿನದ ಬಿಲ್ಲನ್ನು 90 ದಿನಕ್ಕೆ ಎಳೆದಿರುತ್ತಾನೆ. ಟ್ರಿಪ್ ಹೆಚ್ಚಿದಷ್ಟೂ ಕೈಯಿಂದ ಹಾಕುವ ದುಡ್ಡೂ ಜಾಸ್ತಿ.

ಮೊದಲು ಬಾಕಿ ಪಟ್ಟಿಯನ್ನು ಬಿಲ್ ತಾರೀಖಿನ ಪ್ರಕಾರ ಜೋಡಿಸಿ. ಆಮೇಲೆ ಒಂದೊಂದು ರೂಟಿನ ಲೆಕ್ಕ ಹಾಕಿ. ಖಾಲಿ ವಾಪಸ್ ಬಂದ ಕಿಲೋಮೀಟರ್, ಲೋಡಿಂಗ್‌ಗೆ ಕಾದ ಗಂಟೆ ಎರಡನ್ನೂ ಸೇರಿಸಿ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾರ್ಸೆಲ್ ಏರಿತು, ಎಷ್ಟೋ ಕಾರ್ಖಾನೆಗಳ ಮಾಲು ನಿಂತಿತು. ಹೋಗುವಾಗ ತುಂಬಿದ ಗಾಡಿಗೆ ಬರುವಾಗ ಲೋಡೇ ಇಲ್ಲ. ಲಾಭ ಸೋರುವುದು ಸಾಮಾನ್ಯವಾಗಿ ಇಲ್ಲೇ.

ಚಾಲಕರು ಬಿಟ್ಟು ಹೋಗಿದ್ದಕ್ಕೆ ಸಂಬಳ ಒಂದೇ ಕಾರಣ ಅಂತ ನನಗನ್ನಿಸಲ್ಲ. ಟ್ರಿಪ್ ಲೆಕ್ಕದಲ್ಲಿ ದುಡಿಯುವವನಿಗೆ ಕ್ವಾರಂಟೈನ್ ಅಂದರೆ ಸಂಪಾದನೆ ಸೊನ್ನೆ ಅಲ್ವಾ? ಜ್ವರ ಮುಚ್ಚಿಟ್ಟು ಬರುತ್ತಾನೆ, ಇಡೀ ಗೋದಾಮು ಮಲಗುತ್ತದೆ. ಮನೆಗೆ ಹೋಗಲಾಗದ ಭಯ ಬೇರೆ. ಆ ಭಯ ಸುಳ್ಳಲ್ಲ: 2020ರಲ್ಲಿ ಕೋವಿಡ್ ನಿರ್ಬಂಧಗಳಿಂದ ಸುಮಾರು 4 ಲಕ್ಷ ನಾವಿಕರು ಒಪ್ಪಂದ ಮುಗಿದರೂ ಹಡಗಿನಿಂದ ಇಳಿಯಲಾಗದೆ ಉಳಿದಿದ್ದರು.

ಹಾಗಾಗಿ ಕಾಯಿಲೆ ರಜೆಗೆ ಒಂದಿಷ್ಟು ಖಾತ್ರಿ ಸಂಬಳ, ಊರಿಗೆ ಹೋಗಲು ನಿಗದಿ ದಿನ ಬರೆದುಕೊಡಿ. ಗೋದಾಮಿನ ಪಾಳಿಗಳು ಒಂದಕ್ಕೊಂದು ಬೆರೆಯದಂತೆ ತಂಡ ಮಾಡಿ.

ಗಾಡಿ ಸಾಲದ್ದೋ ಸ್ವಂತದ್ದೋ ನೀವು ಬರೆದಿಲ್ಲ. ಸಾಲದ್ದಾದರೆ ಬಾಕಿ ಪಟ್ಟಿ ಹಿಡಿದು, ಕಂತು ತಪ್ಪುವ ಮೊದಲೇ ಬ್ಯಾಂಕಿನವರ ಹತ್ತಿರ ಮಾತಾಡಿ.