ಜಿಗ್ಗಿ ಇನ್ನೂ ಯಾಕೆ ಹಳಬನಾಗಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿಯ 1972ರ ‘ಜಿಗ್ಗಿ ಸ್ಟಾರ್‌ಡಸ್ಟ್’ ಆಲ್ಬಮ್ಮನ್ನು ಎಲ್ಲರೂ ಹೊಗಳುತ್ತಾರೆ. ಜಿಗ್ಗಿ ಅನ್ನುವ ಬೇರೆ ಲೋಕದ ಗಾಯಕನೊಬ್ಬನ ಕಥೆ ಅಂತಾರೆ. ಎಷ್ಟು ಕೇಳಿದರೂ ಆ ಕಥೆ ನನಗೆ ಸಿಗಲಿಲ್ಲ. ಮಿಂಚುವ ಬಟ್ಟೆ, ಮೇಕಪ್ ಬಿಟ್ಟರೆ ಅದರಲ್ಲಿ ಅಂಥದ್ದೇನಿದೆ?

ಉತ್ತರ: ಕಥೆ ಸಿಗಲಿಲ್ಲ ಅಂದರೆ ನೀವು ಸರಿಯಾಗಿಯೇ ಕೇಳಿದ್ದೀರಿ. ಅದರಲ್ಲಿ ಕಥೆ ಇರುವುದೇ ಕಡಿಮೆ. ಭೂಮಿಗೆ ಇನ್ನು ಐದೇ ವರ್ಷ ಆಯಸ್ಸು ಅನ್ನುವ ಸುದ್ದಿಯಿಂದ ಶುರುವಾಗುತ್ತದೆ. ಆಕಾಶದಲ್ಲಿ ಯಾರೋ ಕಾಯುತ್ತಿದ್ದಾನೆ ಅಂತ ನಡುವೆ ರೇಡಿಯೋದಲ್ಲಿ ಕೇಳಿಬರುತ್ತದೆ. ಕೊನೆಗೆ ಒಬ್ಬ ಗಾಯಕ ಸೋತು ಸುಣ್ಣವಾಗುತ್ತಾನೆ. ಅಷ್ಟೇ. ‘ಇಟ್ ಏಂಟ್ ಈಸಿ’ ಹಾಡಂತೂ ಬೋವಿ ಬರೆದದ್ದೇ ಅಲ್ಲ, ರಾನ್ ಡೇವಿಸ್ ಅವರದ್ದು. ‘ಸ್ಟಾರ್‌ಮ್ಯಾನ್’ ಸೇರಿದ್ದು ಕಡೇ ಗಳಿಗೆಯಲ್ಲಿ. ಆಲ್ಬಮ್ ಹೊರತರುತ್ತಿದ್ದ ಆರ್‌ಸಿಎ ಕಂಪನಿಗೆ ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡಾಗಿ ಬಿಡುವಂಥ ಹಾಡೊಂದು ಬೇಕಿತ್ತು. ಹಾಗಾಗಿ ಅಮೆರಿಕದ ರಾಕ್ ಗಾಯಕ ಚಕ್ ಬೆರಿಯ ಹಾಡೊಂದನ್ನು ತೆಗೆದು ಇದನ್ನು ಹಾಕಿದರು. ಜಿಗ್ಗಿ ಯಾರು, ಎಲ್ಲಿಂದ ಬಂದ ಅನ್ನುವುದನ್ನು ಕೇಳುಗರೇ ತುಂಬಿಕೊಂಡರು. ಈಗಲೂ ತುಂಬಿಕೊಳ್ಳುತ್ತಿದ್ದಾರೆ.

ನನ್ನನ್ನು ಹಿಡಿದಿಟ್ಟಿರುವುದು ಬೇರೆ. ಈ ಆಲ್ಬಮ್ ಒಬ್ಬರ ಜೊತೆ ಮಾತಾಡುತ್ತದೆ. ಸಾವಿರ ಜನರ ಸಭೆಗೆ ಹಾಡಿದ ಹಾಗಿಲ್ಲ, ಒಂಟಿಯಾಗಿ ಕೂತ ಒಬ್ಬರಿಗೆ ಹಾಡಿದ ಹಾಗಿದೆ. ಮೊದಲ ಹಾಡು ‘ಫೈವ್ ಇಯರ್ಸ್’ ಹಾಕಿ ನೋಡಿ. ಬರೀ ಡ್ರಮ್ಸ್, ದೂರದಿಂದ ನಿಧಾನವಾಗಿ ಹತ್ತಿರ ಬರುತ್ತದೆ. ಡ್ರಮ್ಸ್ ಬಾರಿಸುವ ವುಡಿ ವುಡ್‌ಮ್ಯಾನ್ಸಿ ಅದರಲ್ಲಿ ಯಾವ ಚಮತ್ಕಾರವನ್ನೂ ಮಾಡುವುದಿಲ್ಲ. ಬೋವಿ ಹೆಚ್ಚುಕಡಿಮೆ ಮಾತಾಡುವ ದನಿಯಲ್ಲಿ ಶುರು ಮಾಡುತ್ತಾರೆ. ಸುದ್ದಿ ಓದುವವನು ಅಳುತ್ತಿದ್ದಾನೆ, ಬೀದಿಯಲ್ಲಿ ಜನ ದಿಕ್ಕೆಟ್ಟಿದ್ದಾರೆ. ಆಮೇಲೆ ದನಿ ಏರುತ್ತಾ ಏರುತ್ತಾ ಕೂಗಾಗುತ್ತದೆ. ಡ್ರಮ್ಸ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಕೊನೆಗೆ ಎಲ್ಲರೂ ನಿಲ್ಲಿಸುತ್ತಾರೆ, ಅದೊಂದೇ ಉಳಿಯುತ್ತದೆ. ಲೋಕವೇ ಮುಳುಗುವ ಸುದ್ದಿಯನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ ಹೇಳಿದ ಹಾಡು ನಾನು ಬೇರೆ ಕೇಳಿಲ್ಲ.

ಈಗ ಕೊನೆಯ ಹಾಡು, ‘ರಾಕ್ ಎನ್ ರೋಲ್ ಸುಯಿಸೈಡ್’. ಒಂದು ಗಿಟಾರ್, ಒಂದು ತಗ್ಗಿದ ದನಿ, ಒಂದು ಸಿಗರೇಟಿನ ಮಾತು. ಮೂರು ನಿಮಿಷ ಆಗುವಷ್ಟರಲ್ಲಿ ಪಿಟೀಲುಗಳೆಲ್ಲ ಸೇರಿಕೊಂಡಿರುತ್ತವೆ. ನೀನು ಒಂಟಿಯಲ್ಲ, ಕೈ ಕೊಡು ಅಂತ ಬೋವಿ ಗಂಟಲು ಹರಿಯುವ ಹಾಗೆ ಕೂಗುತ್ತಿರುತ್ತಾರೆ. ಯಾರಿಗೆ? ಕೇಳುತ್ತಿರುವವರಿಗೆ. ಹದಿನಾರರ ವಯಸ್ಸಿನಲ್ಲಿ ಎಲ್ಲೂ ಸೇರದವರು ಅನ್ನಿಸಿಕೊಂಡವರಿಗೆ ಆ ಸಾಲು ಎಷ್ಟು ದೊಡ್ಡದು ಅಂತ ಹೇಳಬೇಕಿಲ್ಲ ಅಲ್ವಾ? ಬಟ್ಟೆ, ಮೇಕಪ್ ಕೆಲಸವೂ ಅದೇ. ಬೇರೆ ಥರ ಇದ್ದರೂ ನಡೆಯುತ್ತದೆ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸುವುದು.

1972ರ ಜುಲೈ 6ರಂದು ಬಿಬಿಸಿ ಟಿವಿಯ ಸಂಗೀತ ಕಾರ್ಯಕ್ರಮ ‘ಟಾಪ್ ಆಫ್ ದ ಪಾಪ್ಸ್’ನಲ್ಲಿ ‘ಸ್ಟಾರ್‌ಮ್ಯಾನ್’ ಬಂತು. ನಿನಗೇ ಫೋನ್ ಮಾಡಿದೆ ಅನ್ನುವ ಅರ್ಥದ ಸಾಲು ಬಂದಾಗ ಬೋವಿ ಕ್ಯಾಮೆರಾ ಕಡೆ ಬೆರಳು ತೋರಿಸಿದರು. ಆಮೇಲೆ ಗಿಟಾರ್ ನುಡಿಸುತ್ತಿದ್ದ ಮಿಕ್ ರಾನ್ಸನ್ ಹೆಗಲ ಮೇಲೆ ಕೈ ಹಾಕಿದರು. ಇಷ್ಟೇ ನಡೆದದ್ದು. ಆದರೆ ಆ ಬೆರಳು ತನ್ನನ್ನೇ ತೋರಿಸಿತು ಅಂದುಕೊಂಡ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಮುಂದೆ ಬ್ಯಾಂಡ್ ಕಟ್ಟಿದರು.

ಪ್ರಶ್ನೆ: ಬೋವಿ ಹೆಸರೇ ಎಲ್ಲ ಕಡೆ. ಬ್ಯಾಂಡಿನ ಉಳಿದವರಿಗೆ ಪಾಲಿಲ್ಲವೇ?

ಉತ್ತರ: ಖಂಡಿತ ಇದೆ, ಅದನ್ನು ಜೋರಾಗಿಯೇ ಹೇಳಬೇಕು. ರಾನ್ಸನ್ ಇಲ್ಲದೆ ಈ ಆಲ್ಬಮ್ ಇಲ್ಲ. ಗಿಟಾರ್ ಅವರದು, ಪಿಯಾನೋ ಅವರದು, ಪಿಟೀಲುಗಳಿಗೆ ಸ್ವರ ಬರೆದು ಕೊಟ್ಟವರೂ ಅವರೇ. ‘ಮೂನೇಜ್ ಡೇಡ್ರೀಮ್’ ಕೊನೆಯ ಗಿಟಾರ್ ಸೋಲೋ ಕೇಳಿ. ಸೋಲೋದ ಆಕಾರವನ್ನು ಕಾಗದದ ಮೇಲೆ ಗೀಚಿ ತೋರಿಸುತ್ತಿದ್ದೆ ಅಂತ ಬೋವಿ ಆಮೇಲೆ ಹೇಳಿಕೊಂಡಿದ್ದಾರೆ. ಗೀಚಿದ್ದನ್ನು ಹೀಗೆ ನುಡಿಸಬಲ್ಲವರು ಎಷ್ಟು ಜನ ಸಿಕ್ಕಾರು? ಟ್ರೆವರ್ ಬೋಲ್ಡರ್ ನುಡಿಸಿದ ಬೇಸ್ ಗಿಟಾರ್ ಕೂಡ ಹಾಗೆಯೇ, ಗಮನ ಕೊಟ್ಟರೆ ಅದೇ ಇನ್ನೊಂದು ರಾಗ. ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಬೋವಿಯ ಜೊತೆ ನಿಂತು ಇದನ್ನು ಪ್ರೊಡ್ಯೂಸ್ ಮಾಡಿದವರು ಕೆನ್ ಸ್ಕಾಟ್. ಪ್ರತಿ ವಾದ್ಯವೂ ಬಿಡಿಬಿಡಿಯಾಗಿ, ಹತ್ತಿರದಲ್ಲೇ ಕೇಳುತ್ತದೆ ನೋಡಿ, ಅದರಲ್ಲಿ ಅವರ ಕೈ ದೊಡ್ಡದು. ‘ಸಫ್ರಜೆಟ್ ಸಿಟಿ’ಯಲ್ಲಿ ಸ್ಯಾಕ್ಸೊಫೋನ್ ಅಂದುಕೊಳ್ಳುತ್ತೇವಲ್ಲ, ಅದು ಸಿಂಥಸೈಜರ್, ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ.

1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ, ಇದೇ ನಮ್ಮ ಕೊನೆಯ ಶೋ ಅಂತ ಬೋವಿ ವೇದಿಕೆ ಮೇಲೆ ಘೋಷಿಸಿದರು. ಬೋಲ್ಡರ್, ವುಡ್‌ಮ್ಯಾನ್ಸಿ ಇಬ್ಬರಿಗೂ ಅದು ಮೊದಲೇ ಗೊತ್ತಿರಲಿಲ್ಲ. ಇದನ್ನು ನೆನೆದಾಗ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಪ್ರಶ್ನೆ: ಮುಖಪುಟದ ಫೋಟೋ ಯಾವ ಊರಿನದು?

ಉತ್ತರ: ಲಂಡನ್ನಿನ ಹೆಡನ್ ಸ್ಟ್ರೀಟ್. 1972ರ ಜನವರಿಯ ಒಂದು ಮಳೆ ರಾತ್ರಿ ಬ್ರಯನ್ ವಾರ್ಡ್ ತೆಗೆದದ್ದು. ಫೋಟೋ ಕಪ್ಪು ಬಿಳುಪು, ಬಣ್ಣ ಆಮೇಲೆ ಹಾಕಿದ್ದು.

ಪ್ರಶ್ನೆ: ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲಿಂದ ಕೊನೆವರೆಗೆ, ಅದೇ ಕ್ರಮದಲ್ಲಿ. ಹನ್ನೊಂದು ಹಾಡು, ನಲವತ್ತು ನಿಮಿಷವೂ ಇಲ್ಲ. ಜೋರಾಗಿ ಹಾಕಿ, ಕವರಿನ ಹಿಂಬದಿಯಲ್ಲಿ ಅವರೇ ಹಾಗೆ ಬರೆದಿದ್ದಾರೆ. ಪೂರ್ತಿ ಹಿಡಿಸದಿದ್ದರೆ ‘ಲೇಡಿ ಸ್ಟಾರ್‌ಡಸ್ಟ್’ ಒಂದನ್ನೇ ಇನ್ನೊಮ್ಮೆ ಕೇಳಿ, ಸುಮ್ನೆ ಪಿಯಾನೋ ಹಿಂದೆ ಹೋಗಿ. ಹಿಡಿಸಿದರೆ ಹಿಂದಿನ ವರ್ಷದ ಬೋವಿ ಆಲ್ಬಮ್ ‘ಹಂಕಿ ಡೋರಿ’ಗೂ, ಟಿ. ರೆಕ್ಸ್ ಬ್ಯಾಂಡಿನ ‘ಎಲೆಕ್ಟ್ರಿಕ್ ವಾರಿಯರ್’ಗೂ ಹೋಗಿ. ಮಿಂಚುವ ಬಟ್ಟೆ, ಮೇಕಪ್‌ನ ಈ ಥರದ ರಾಕ್‌ಗೆ ಗ್ಲ್ಯಾಮ್ ರಾಕ್ ಅಂತಾರೆ. ಅದರ ಬಾಗಿಲು ತೆರೆದವರು ಟಿ. ರೆಕ್ಸ್‌ನ ಮಾರ್ಕ್ ಬೋಲನ್, ಅವರನ್ನು ಬಿಟ್ಟು ಮುಂದೆ ಹೋಗಬೇಡಿ.